ಅರಿಸಿನ ಮತ್ತು ಶುಂಠಿ: ಆಹಾರದ ಅಳತೆ, ಔಷಧದ ಅಳತೆ

ಕನ್ನಡ ನಾಡಿನ ಮನೆಗಳಲ್ಲಿ ಅಡುಗೆಮನೆಗೂ ಮದ್ದಿನ ಪೆಟ್ಟಿಗೆಗೂ ನಡುವೆ ಹಿಂದಿನಿಂದಲೂ ಹೆಚ್ಚಿನ ಅಂತರವಿಲ್ಲ. ಮಗುವಿಗೆ ನೆಗಡಿಯಾದರೆ ಅಜ್ಜಿಯ ಕೈ ಮೊದಲು ಹೋಗುವುದು ಸಾಂಬಾರ ಪದಾರ್ಥಗಳ ಡಬ್ಬಿಗೆ. ಬಿಸಿ ಹಾಲಿಗೆ ಚಿಟಿಕೆ ಅರಿಸಿನ, ಕಷಾಯಕ್ಕೆ ಜಜ್ಜಿದ ಶುಂಠಿ, ಕೊಯ್ದುಕೊಂಡ ಬೆರಳಿಗೆ ಮತ್ತೆ ಅರಿಸಿನ. ಇವು ಯಾವ ವೈದ್ಯರ ಚೀಟಿಯನ್ನೂ ಕಾಯದ ಚಿಕಿತ್ಸೆಗಳು. ಅದೇ ಅರಿಸಿನ ಇಂದು ಗುಳಿಗೆಯಾಗಿ, ಕ್ಯಾಪ್ಸೂಲಾಗಿ ಔಷಧದಂಗಡಿಯ ಗಾಜಿನ ಕಪಾಟನ್ನೂ ಸೇರಿದೆ. ದಿನವೂ ಉಣ್ಣುವ ಪದಾರ್ಥವಲ್ಲವೇ ಎಂಬ ವಿಶ್ವಾಸದಿಂದಲೇ ಜನರು ಅದನ್ನು ಕೊಳ್ಳುತ್ತಾರೆ. ಚಿಟಿಕೆಯಲ್ಲಿ ನಿರಪಾಯಕರವಾದ ವಸ್ತು ಕ್ಯಾಪ್ಸೂಲಿನಲ್ಲಿಯೂ ಹಾಗೆಯೇ ಇರುವುದೇ ಎಂಬ ಪ್ರಶ್ನೆಗೆ ಕಳೆದ ಕೆಲವು ದಶಕಗಳ ಸಂಶೋಧನೆ ಒಂದಿಷ್ಟು ಸ್ಪಷ್ಟವಾದ ಉತ್ತರವನ್ನು ಒದಗಿಸಿದೆ.

ಅರಿಸಿನ ಮತ್ತು ಶುಂಠಿ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಎರಡರಲ್ಲಿಯೂ ನಾವು ಬೇರೆಂದು ಕರೆಯುವ ಭಾಗವು ನಿಜವಾಗಿ ಬೇರಲ್ಲ, ನೆಲದೊಳಗೆ ಅಡ್ಡಲಾಗಿ ಹಬ್ಬುವ ಕಾಂಡ. ಚಾಮರಾಜನಗರ, ಬೆಳಗಾವಿ, ಬಾಗಲಕೋಟೆಗಳ ಹೊಲಗಳಲ್ಲಿ ಅರಿಸಿನವೂ, ಹಾಸನ, ಶಿವಮೊಗ್ಗ, ಕೊಡಗು, ಬೀದರ ಜಿಲ್ಲೆಗಳಲ್ಲಿ ಶುಂಠಿಯೂ ಬೆಳೆಯುತ್ತವೆ. ಹಸಿ ಶುಂಠಿಯನ್ನು ಉತ್ತರ ಕರ್ನಾಟಕದವರು ‘ಅಲ್ಲ’ ಎನ್ನುವುದರಿಂದ ದಕ್ಷಿಣದಿಂದ ಬಂದ ಹೊಸ ಉಪಾಧ್ಯಾಯರು ಸಂತೆಯಲ್ಲಿ ಕ್ಷಣಕಾಲ ತಬ್ಬಿಬ್ಬಾಗುವುದುಂಟು. ಆಯುರ್ವೇದವು ಹಸಿಯದನ್ನು ಆರ್ದ್ರಕವೆಂದೂ ಒಣಗಿದುದನ್ನು ಶುಂಠಿಯೆಂದೂ ಬೇರೆ ಬೇರೆ ಹೆಸರಿನಿಂದ ಕರೆದು, ಎರಡಕ್ಕೂ ಬೇರೆ ಗುಣಗಳನ್ನು ಹೇಳಿದೆ. ಈ ಭೇದವನ್ನು ರಸಾಯನಶಾಸ್ತ್ರವೂ ಒಪ್ಪುತ್ತದೆ. ಹಸಿ ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್ ಎಂಬ ವಸ್ತು ಒಣಗಿಸುವಾಗ ನೀರಿನಂಶವನ್ನು ಕಳೆದುಕೊಂಡು ಶೋಗಾಲ್ ಆಗಿ ಪರಿವರ್ತನೆ ಹೊಂದುತ್ತದೆ. ಇದರ ಖಾರ ಇನ್ನೂ ಹೆಚ್ಚು. ಬೇಯಿಸಿದಾಗ ಅದೇ ಜಿಂಜರಾಲ್‌ನಿಂದ ಮೃದುವಾದ ಜಿಂಜರೋನ್ ಉಂಟಾಗುತ್ತದೆ. ಒಣಶುಂಠಿಯ ಕಷಾಯ ಗಂಟಲನ್ನು ಸುಡುವಷ್ಟು ಪಲ್ಯದೊಳಗಿನ ಶುಂಠಿ ಸುಡದಿರುವುದು ಇದರಿಂದಲೇ.

ಅರಿಸಿನದ ಹಳದಿ ಬಣ್ಣಕ್ಕೆ ಮೂಲವಾದ ಕರ್ಕ್ಯುಮಿನ್ ಅನ್ನು 1815ರಲ್ಲಿ ಮೊದಲು ಬೇರ್ಪಡಿಸಲಾಯಿತು. ಅದರ ರಚನೆ ತಿಳಿದುಬಂದದ್ದು 1910ರಲ್ಲಿ. ವಿಜ್ಞಾನದ ತರಗತಿಯಲ್ಲಿ ಇದನ್ನು ತೋರಿಸಲು ದುಬಾರಿ ಉಪಕರಣಗಳೇನೂ ಬೇಡ. ಅರಿಸಿನದ ನೀರಿಗೆ ಸುಣ್ಣದ ತಿಳಿ ಬೆರೆಸಿದೊಡನೆ ಅದು ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಕಾಣದ ಮಕ್ಕಳಿಲ್ಲ. ಕ್ಷಾರವನ್ನು ಗುರುತಿಸುವ ಈ ಗುಣದಿಂದಾಗಿಯೇ ಅರಿಸಿನದ ಕಾಗದ ಪ್ರಯೋಗಶಾಲೆಯನ್ನು ಹೊಕ್ಕಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿ. ಎಸ್. ಗೋವಿಂದರಾಜನ್ ಅವರು 1980ರಲ್ಲಿ ಅರಿಸಿನವನ್ನೂ 1982ರಲ್ಲಿ ಶುಂಠಿಯನ್ನೂ ಕುರಿತು ಬರೆದ ವಿಸ್ತಾರವಾದ ಸಮೀಕ್ಷೆಗಳು ಈ ವಿಷಯದಲ್ಲಿ ಆಧಾರಗ್ರಂಥಗಳಂತಿವೆ.

ಆದರೆ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಎಷ್ಟು? ಒಣ ಪುಡಿಯಲ್ಲಿ ಸರಾಸರಿ ನೂರಕ್ಕೆ 3 ಭಾಗ. ಒಬ್ಬನು ದಿನಕ್ಕೆ 2 ಗ್ರಾಂ ಅರಿಸಿನವನ್ನು ಉಣ್ಣುತ್ತಾನೆಂದು ಇಟ್ಟುಕೊಂಡರೂ ಅವನಿಗೆ ದೊರೆಯುವುದು ಸುಮಾರು 60 ಮಿಲಿಗ್ರಾಂ. ಅದರಲ್ಲಿಯೂ ರಕ್ತವನ್ನು ಸೇರುವುದು ಅತ್ಯಲ್ಪ. ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಕರುಳು ಹೀರಿಕೊಂಡಷ್ಟನ್ನು ಯಕೃತ್ತು ಬೇಗನೆ ರೂಪಾಂತರಗೊಳಿಸಿ ಹೊರಹಾಕುತ್ತದೆ. ಈ ತೊಡಕಿಗೆ ಒಂದು ಪರಿಹಾರ ಸೂಚಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು. 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಮೆಣಸಿನ ಸಾರವಾದ ಪೈಪರೀನ್ ಅನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣವು ಶೇಕಡ 2000ದಷ್ಟು ಹೆಚ್ಚಿತೆಂದು ಅವರು 1998ರಲ್ಲಿ ಪ್ರಕಟಿಸಿದರು. ಶುಂಠಿ, ಮೆಣಸು, ಹಿಪ್ಪಲಿಗಳನ್ನು ಕೂಡಿಸಿ ತ್ರಿಕಟುವೆಂದು ಹೆಸರಿಟ್ಟು ಅನೇಕ ಔಷಧಿಗಳಿಗೆ ಬೆರೆಸಿದ ಹಿಂದಿನ ವೈದ್ಯರ ಕ್ರಮವನ್ನು ಇಲ್ಲಿ ನೆನೆಯಬಹುದು. ಪೈಪರೀನ್ ಮೆಣಸಿನಲ್ಲಿಯೂ ಇದೆ, ಹಿಪ್ಪಲಿಯಲ್ಲಿಯೂ ಇದೆ.

ಈ ಆವಿಷ್ಕಾರ ಒಂದು ಕಡೆ ಆಸೆಯನ್ನು ಹುಟ್ಟಿಸಿತು, ಇನ್ನೊಂದು ಕಡೆ ಅಪಾಯದ ಬಾಗಿಲನ್ನೂ ತೆರೆಯಿತು. ದೇಹವು ಹೊರಹಾಕಲೆಂದೇ ಇಟ್ಟುಕೊಂಡ ವ್ಯವಸ್ಥೆಯನ್ನು ತಡೆದಾಗ ಒಳಗೆ ಉಳಿಯುವುದು ಕರ್ಕ್ಯುಮಿನ್ ಮಾತ್ರವಲ್ಲ. ರೋಗಿಯು ಸೇವಿಸುತ್ತಿರುವ ಇತರ ಔಷಧಿಗಳ ಪ್ರಮಾಣವೂ ಏರಬಹುದು.

ಅರಿಸಿನದ ಗುಣವನ್ನು ಕುರಿತು ನಮ್ಮವರಲ್ಲಿ ಹೆಮ್ಮೆ ಹೆಚ್ಚಿದುದು ಪೇಟೆಂಟ್ ಮೊಕದ್ದಮೆಯಿಂದ. ಗಾಯ ಮಾಯಿಸಲು ಅರಿಸಿನವನ್ನು ಬಳಸುವುದಕ್ಕೆ ಅಮೆರಿಕೆಯಲ್ಲಿ 1995ರಲ್ಲಿ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಪುರಾತನ ಗ್ರಂಥಗಳನ್ನೂ 1953ರ ವೈದ್ಯಪತ್ರಿಕೆಯ ಲೇಖನವೊಂದನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಸಂತೋಷಪಡತಕ್ಕ ಜಯವೇ ಸರಿ. ಆದರೆ ಅಲ್ಲಿ ನಿರ್ಣಯವಾದದ್ದು ಈ ತಿಳಿವಳಿಕೆ ಹೊಸದಲ್ಲ ಎಂಬುದಷ್ಟೆ. ಅರಿಸಿನವು ಎಂಥ ಗಾಯವನ್ನು ಎಷ್ಟರಮಟ್ಟಿಗೆ ಗುಣಪಡಿಸುತ್ತದೆ ಎಂಬುದಲ್ಲ. ಎರಡನ್ನೂ ಒಂದೇ ಎಂದು ಭಾಷಣಗಳಲ್ಲಿ ಹೇಳುವ ವಾಡಿಕೆ ಇಂದಿಗೂ ನಿಂತಿಲ್ಲ.

ರೋಗಿಗಳ ಮೇಲೆ ನಡೆದ ಪರೀಕ್ಷೆಗಳ ಫಲ ಮಿಶ್ರವಾಗಿದೆ. ಥಾಯ್ಲೆಂಡಿನಲ್ಲಿ ಮೊಳಕಾಲಿನ ಸಂಧಿವಾತದಿಂದ ಬಳಲುತ್ತಿದ್ದ 367 ಮಂದಿಯಲ್ಲಿ ಕೆಲವರಿಗೆ ಅರಿಸಿನದ ಸಾರವನ್ನೂ ಉಳಿದವರಿಗೆ ಐಬುಪ್ರೊಫೆನ್ ಗುಳಿಗೆಯನ್ನೂ ನಾಲ್ಕು ವಾರ ಕೊಟ್ಟು ನೋಡಲಾಯಿತು. ನೋವಿನ ಶಮನ ಹೆಚ್ಚು ಕಡಿಮೆ ಸಮನಾಗಿದ್ದು, ಅರಿಸಿನದವರಲ್ಲಿ ಹೊಟ್ಟೆಯ ತೊಂದರೆ ಕಡಿಮೆ ಕಂಡಿತೆಂದು 2014ರ ವರದಿ ಹೇಳುತ್ತದೆ. ಆದರೆ 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರು ನೂರಿಪ್ಪತ್ತಕ್ಕೂ ಹೆಚ್ಚು ಪರೀಕ್ಷೆಗಳನ್ನು ಪರಿಶೀಲಿಸಿ, ಕಟ್ಟುನಿಟ್ಟಾದ ಕ್ರಮದಲ್ಲಿ ನಡೆದ ಒಂದು ಪರೀಕ್ಷೆಯೂ ಕರ್ಕ್ಯುಮಿನ್ ಅನ್ನು ಯಶಸ್ವೀ ಔಷಧವೆಂದು ಸಿದ್ಧಪಡಿಸಿಲ್ಲವೆಂದು ಬರೆದರು. ಪ್ರಯೋಗನಾಳದಲ್ಲಿ ಅರ್ಬುದದ ಕೋಶಗಳು ಸತ್ತವೆಂಬ ಸುದ್ದಿಯನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡುವ ರೋಗಿಗೆ ಈ ಮಾತನ್ನು ತಿಳಿಸಿ ಹೇಳುವವರು ಬೇಕು. ನಾಳದೊಳಗಿನ ಕೋಶಕ್ಕೆ ಕರ್ಕ್ಯುಮಿನ್ ನೇರವಾಗಿ ತಗಲುತ್ತದೆ; ಮನುಷ್ಯನ ದೇಹದಲ್ಲಿ ಹಾಗಲ್ಲ.

ಶುಂಠಿಯ ವಿಷಯದಲ್ಲಿ ಆಧಾರಗಳು ಇದಕ್ಕಿಂತ ಗಟ್ಟಿಯಾಗಿವೆ, ಆದರೆ ಒಂದೇ ದಿಕ್ಕಿನಲ್ಲಿ. ಓಕರಿಕೆ ಮತ್ತು ವಾಂತಿಯೇ ಆ ದಿಕ್ಕು. ತಿರುಗುವ ಕುರ್ಚಿಯ ಮೇಲೆ ಕುಳಿತವರ ತಲೆಸುತ್ತನ್ನು ತಡೆಯಲು ಶುಂಠಿ ಉಪಯುಕ್ತವಾಯಿತೆಂದು 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. 1988ರ ಇನ್ನೊಂದು ಪರೀಕ್ಷೆಯಲ್ಲಿ, ಅಬ್ಬರದ ಸಮುದ್ರದ ಮೇಲಿದ್ದ 80 ಮಂದಿ ನೌಕಾದಳದ ತರುಣರ ಪೈಕಿ 1 ಗ್ರಾಂ ಒಣಶುಂಠಿ ಸೇವಿಸಿದವರಲ್ಲಿ ವಾಂತಿ ಕಡಿಮೆಯಾಯಿತು. ಗರ್ಭಿಣಿಯರ ಬೆಳಗಿನ ಓಕರಿಕೆಗೂ ದಿನಕ್ಕೆ 1 ಗ್ರಾಂನಷ್ಟು ಒಣಶುಂಠಿ ಸಹಾಯಕವೆಂದು ಅನೇಕ ಪರೀಕ್ಷೆಗಳು ತೋರಿವೆ. ಆದರೂ ವೈದ್ಯರ ಗಮನಕ್ಕೆ ತಂದೇ ಸೇವಿಸುವುದು ಯೋಗ್ಯ. ಪ್ರಮಾಣ ಮೀರಿದರೆ ಎದೆಯುರಿ, ಹೊಟ್ಟೆಯುರಿ ನಿಶ್ಚಿತ. ಆಮ್ಲಪಿತ್ತದವರು ಬರಿಹೊಟ್ಟೆಯಲ್ಲಿ ಖಾರವಾದ ಕಷಾಯ ಕುಡಿದು ನರಳುವುದನ್ನು 2020ರ ಸಾಂಕ್ರಾಮಿಕದ ದಿನಗಳಲ್ಲಿ ಎಲ್ಲೆಲ್ಲಿಯೂ ಕಾಣಬಹುದಾಗಿತ್ತು. ಆ ವರ್ಷ ಆಯುಷ್ ಸಚಿವಾಲಯ ಸೂಚಿಸಿದುದು 150 ಮಿಲಿಲೀಟರ್ ಹಾಲಿಗೆ ಅರ್ಧ ಚಮಚ ಅರಿಸಿನ. ಜನರು ಕೆಲವೆಡೆ ಅಳತೆಯನ್ನು ಮರೆತು ಪದಾರ್ಥವನ್ನು ಮಾತ್ರ ನೆನಪಿಟ್ಟುಕೊಂಡರು.

ಈಗ ಕ್ಯಾಪ್ಸೂಲಿಗೆ ಬರೋಣ. 500 ಮಿಲಿಗ್ರಾಂ ಕರ್ಕ್ಯುಮಿನ್ ಇರುವ ಒಂದು ಕ್ಯಾಪ್ಸೂಲು ಸುಮಾರು 16 ಗ್ರಾಂ ಅರಿಸಿನಕ್ಕೆ ಸಮ. ಯಾವ ಗೃಹಿಣಿಯೂ ಒಬ್ಬರ ಸಾರಿಗೆ ಅಷ್ಟು ಹಾಕಳು. ಆಹಾರದ ಬಣ್ಣವಾಗಿ ಕರ್ಕ್ಯುಮಿನ್ ಬಳಕೆಗೆ ಅಂತಾರಾಷ್ಟ್ರೀಯ ತಜ್ಞರ ಸಮಿತಿ ನಿಗದಿಪಡಿಸಿದ ಮಿತಿ ದೇಹದ ತೂಕದ ಕಿಲೋಗ್ರಾಂಗೆ ದಿನಕ್ಕೆ 3 ಮಿಲಿಗ್ರಾಂ; ಎಂದರೆ 60 ಕಿಲೋಗ್ರಾಂ ತೂಗುವವರಿಗೆ 180 ಮಿಲಿಗ್ರಾಂ. ಇಟಲಿಯಲ್ಲಿ ಇಂಥ ಕ್ಯಾಪ್ಸೂಲು ಸೇವಿಸಿದ ಕೆಲವರಿಗೆ ಯಕೃತ್ತಿನ ಉರಿಯೂತ ಉಂಟಾದ ಬಳಿಕ 2019ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಪೊಟ್ಟಣಗಳ ಮೇಲೆ ಎಚ್ಚರಿಕೆ ಮುದ್ರಿಸುವಂತೆ ಮಾಡಿತು. ಅಮೆರಿಕೆಯ ವೈದ್ಯರು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ 10 ಮಂದಿಯ ವಿವರವಿದೆ. ಅವರಲ್ಲಿ 5 ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. 7 ಮಂದಿಯಲ್ಲಿ ಒಂದೇ ಬಗೆಯ ಆನುವಂಶಿಕ ಲಕ್ಷಣ ಕಂಡುಬಂದಿತು. ಈ ಅಪಾಯ ವಿರಳ, ಆದರೆ ಯಾರಿಗೆ ಒದಗೀತೆಂದು ಮುಖ ನೋಡಿ ಹೇಳಲಾಗದು. ಪಿತ್ತಕೋಶದಲ್ಲಿ ಕಲ್ಲಿರುವವರು, ಮೂತ್ರಪಿಂಡದ ಕಲ್ಲಿನ ಪೂರ್ವವೃತ್ತಾಂತವುಳ್ಳವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ರಕ್ತಹೀನತೆಯುಳ್ಳವರೂ ಎಚ್ಚರದಿಂದಿರಬೇಕು, ಏಕೆಂದರೆ ಕರ್ಕ್ಯುಮಿನ್‌ಗೆ ಕಬ್ಬಿಣಾಂಶವನ್ನು ಬಂಧಿಸುವ ಗುಣವಿದೆ. ಸಾರು, ಪಲ್ಯ, ಚಿತ್ರಾನ್ನಗಳ ಅರಿಸಿನಕ್ಕೆ ಈ ಭಯ ಬೇಕಿಲ್ಲ.

ಅಡುಗೆಯ ಅರಿಸಿನದಲ್ಲಿ ಭಯಪಡಬೇಕಾದುದು ಬೇರೆಯೇ ಇದೆ. ಕಿತ್ತ ಅರಿಸಿನವನ್ನು ಬೇಯಿಸಿ, ಒಣಗಿಸಿ, ಬಳಿಕ ತಿರುಗುವ ಪೀಪಾಯಿಗಳಲ್ಲಿ ಉಜ್ಜಿ ಮೆರುಗು ಕೊಡುತ್ತಾರೆ. ಈ ಹಂತದಲ್ಲಿ ಮಂಕಾದ ಕೊಂಬುಗಳಿಗೆ ಹೊಳಪು ತರಲು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸುವ ದುಷ್ಟ ಪದ್ಧತಿ ಕೆಲವೆಡೆ ನುಸುಳಿದೆ. ಬಾಂಗ್ಲಾದೇಶದಲ್ಲಿ ಪ್ರವಾಹದಿಂದ ನೆನೆದು ಬಣ್ಣಗೆಟ್ಟ ಅರಿಸಿನವನ್ನು ಮಾರಲು 1980ರ ದಶಕದಲ್ಲಿ ಇದು ಆರಂಭವಾಯಿತೆಂದು ಸಂಶೋಧಕರು ಕಂಡುಕೊಂಡರು. ಗರ್ಭಿಣಿಯರ ರಕ್ತದಲ್ಲಿದ್ದ ಸೀಸದ ಮೂಲವನ್ನು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಅವರ ಅಡುಗೆಮನೆಯ ಅರಿಸಿನ. ಸೀಸವು ಮಕ್ಕಳ ಬುದ್ಧಿಶಕ್ತಿಯನ್ನೇ ಕುಂದಿಸುತ್ತದೆ. ಇಷ್ಟಾದರೆ ಅಡ್ಡಿಯಿಲ್ಲ ಎನ್ನಬಹುದಾದ ಪ್ರಮಾಣ ಅದಕ್ಕಿಲ್ಲ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇಕಡ 47ರಲ್ಲಿ ಈ ಕಲಬೆರಕೆ ಇತ್ತು. ಸರ್ಕಾರ ಪ್ರಚಾರ ಕೈಗೊಂಡು, ವ್ಯಾಪಾರಿಗಳಿಗೆ ದಂಡ ವಿಧಿಸಿದ ಮೇಲೆ 2021ರ ವೇಳೆಗೆ ಅದು ಸೊನ್ನೆಗೆ ಇಳಿಯಿತು. ಎರಡೇ ವರ್ಷಗಳ ಕೆಲಸವಿದು.

ನೂರಾರು ಮಕ್ಕಳು ದಿನಕ್ಕೆರಡು ಹೊತ್ತು ಉಣ್ಣುವ ವಿದ್ಯಾರ್ಥಿನಿಲಯದ ಅಡುಗೆಮನೆಗೆ ಇದರಲ್ಲಿ ಪಾಠವಿದೆ. ಸಾಂಬಾರ ಪದಾರ್ಥಗಳನ್ನು ದಾನವಾಗಿ ಕಳಿಸುವವರೂ ಕೊಳ್ಳುವವರೂ ಬಣ್ಣ ಹೊಳೆಯುವ ಬಿಡಿ ಪುಡಿಯನ್ನು ಬಿಟ್ಟು, ಪರಿಚಯದ ಬೆಳೆಗಾರರಿಂದ ಮೆರುಗು ಕೊಡದ ಇಡೀ ಕೊಂಬನ್ನು ತರಿಸುವುದು ಮೇಲು. ಲೋಟದ ನೀರಿಗೆ ಹಾಕಿದ ಕೊಂಬು ಕೂಡಲೇ ದಟ್ಟ ಹಳದಿ ಬಣ್ಣ ಬಿಟ್ಟರೆ ಸಂಶಯಪಡಬೇಕು. ಪುಡಿಗೆ ಹೈಡ್ರೊಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ಬರುವ ಕೆಂಪು ಬಣ್ಣ ನೀರು ಬೆರೆಸಿದ ಮೇಲೂ ಮಾಸದೆ ಉಳಿದರೆ ಮೆಟಾನಿಲ್ ಹಳದಿ ಬೆರೆತಿದೆಯೆಂದು ತಿಳಿಯಬೇಕು. ಇದನ್ನು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರ ಎದುರಿನಲ್ಲಿ ಮಾಡಬಹುದು. ಸ್ವಲ್ಪ ಪ್ರಮಾಣದ ಸೀಸ ಈ ಪರೀಕ್ಷೆಗಳಿಗೆ ಸಿಕ್ಕದು. ಅದಕ್ಕೆ ವರ್ಷಕ್ಕೊಮ್ಮೆಯಾದರೂ ಮಾದರಿಯನ್ನು ಮಾನ್ಯತೆ ಪಡೆದ ಆಹಾರ ಪರೀಕ್ಷಾಲಯಕ್ಕೆ ಕಳಿಸಬೇಕು. ಕೊಂಬನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಊರಿನ ಗಿರಣಿಯಲ್ಲಿ ಎದುರಿಗೆ ನಿಂತು ಬೀಸಿಸಿದರೆ ಪುಡಿಯ ಬಣ್ಣ ಅಂಗಡಿಯದಕ್ಕಿಂತ ತುಸು ಮಂಕಾಗಿಯೇ ಕಂಡೀತು. ಅರಿಸಿನದ ನಿಜವಾದ ಬಣ್ಣ ಅದೇ.