ಮತದಾರರ ಪಟ್ಟಿಯೂ ಹೆಂಗಸಿನ ಹೆಸರೂ

ಒಮ್ಮೆ ಒಂಬತ್ತನೆಯ ತರಗತಿಗೆ ಪೌರನೀತಿಯ ಪಾಠ ಹೇಳುತ್ತಿದ್ದಾಗ, ಪ್ರತಿಯೊಬ್ಬರೂ ತಮ್ಮ ತಾಯಿಯ ತಾಯಿಯ ಹೆಸರನ್ನು ಬರೆಯಬೇಕೆಂದು ನಾವು ಹೇಳಿದೆವು. ಹೊಲದ ಹೆಸರು, ಎತ್ತಿನ ಹೆಸರುಗಳನ್ನೆಲ್ಲ ಥಟ್ಟನೆ ಹೇಳಬಲ್ಲ ಮಕ್ಕಳು ಇಲ್ಲಿ ತಡೆದು ನಿಂತರು. ಹಲವರು ‘ಅಜ್ಜಿ’ ಎಂದಷ್ಟೇ ಬರೆದರು. ಒಬ್ಬ ಹುಡುಗನು ತಾತನ ಹೆಸರನ್ನು ಬರೆದು ಅದರ ಮುಂದೆ ‘ಇವರ ಹೆಂಡತಿ’ ಎಂದು ಸೇರಿಸಿದ್ದನು. ತರಗತಿಯು ನಕ್ಕಿತು; ನಮಗೆ ನಗು ಬರಲಿಲ್ಲ. ಇದೇ ಉತ್ತರವು ಒಂದು ಕಾಲದಲ್ಲಿ ಲಕ್ಷಾಂತರ ಹೆಂಗಸರ ಮತವನ್ನು ಕಳೆದಿತ್ತು.

ಆ ಸಂಗತಿಯನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯುಡು ಅವರ ನೇತೃತ್ವದ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗೂ ಅವರನ್ನು ಕಂಡು ಮತಾಧಿಕಾರವನ್ನು ಕೇಳಿತು. ಅನಂತರ ಬಂದ ಸೌತ್‌ಬರೋ ಸಮಿತಿಯು ಈ ದೇಶದ ಸಾಮಾಜಿಕ ಸ್ಥಿತಿಗೆ ಅದು ಇನ್ನೂ ಅಕಾಲವೆಂದು ತಳ್ಳಿಹಾಕಿತು. ಕಡೆಗೆ ತೀರ್ಮಾನವು ಪ್ರಾಂತಗಳ ಶಾಸನಸಭೆಗಳ ಪಾಲಿಗೆ ಬಂದಿತು. ಎಲ್ಲ ಪ್ರಾಂತಗಳಿಗಿಂತ ಮೊದಲು, 1921ರಲ್ಲಿ, ಮದರಾಸು ಅದನ್ನು ಒಪ್ಪಿಕೊಂಡಿತು. ಆಗ ರಾಯದುರ್ಗವು ಬಳ್ಳಾರಿ ಜಿಲ್ಲೆಯಲ್ಲಿಯೂ ಮಡಕಶಿರವು ಅನಂತಪುರ ಜಿಲ್ಲೆಯಲ್ಲಿಯೂ ಇದ್ದವು. ಎರಡೂ ಮದರಾಸು ಪ್ರಾಂತದವೇ. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗವು ಅನಂತಪುರಕ್ಕೆ ಸೇರಿತು; 2022ರಿಂದ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ.

ಹೀಗೆ ನಮ್ಮ ಸೀಮೆಯ ಹೆಂಗಸರಿಗೆ ದೇಶದಲ್ಲೇ ಮೊದಲು ಮತ ಬಂದಿತೆಂದು ಹೆಮ್ಮೆಪಡಬಹುದೆ? ಮತವು ಆಸ್ತಿಗೂ ಕಂದಾಯಕ್ಕೂ ಅಂಟಿಕೊಂಡಿತ್ತು. ಮಳೆಯನ್ನೇ ನಂಬಿದ ಈ ಬೆದ್ದಲು ನೆಲದಲ್ಲಿ ಕಳೆ ಕೀಳುವವಳು ಹೆಂಗಸು, ಪಟ್ಟಾ ಗಂಡಸಿನ ಹೆಸರಿನಲ್ಲಿ. ಬಾಗಿಲು ತೆರೆದಿತ್ತು, ಹೊಸ್ತಿಲು ಎತ್ತರವಾಗಿತ್ತು. ಆದರೂ 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಆ ಸೋಲು ಎಷ್ಟೋ ಗೆಲುವುಗಳಿಗಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ.

1935ರ ಕಾಯಿದೆಯು ಹೊಸ್ತಿಲನ್ನು ತಗ್ಗಿಸಿತು. ಓದುಬರಹ ಬಲ್ಲ ಹೆಂಗಸಿಗೂ, ಆಸ್ತಿಯ ಅರ್ಹತೆಯುಳ್ಳವನ ಹೆಂಡತಿಗೂ ಮತ ದೊರೆಯಿತು. ವಾಚಕರು ಇದನ್ನು ಗಮನಿಸಬೇಕು: ಕಾನೂನೇ ಅವಳನ್ನು ‘ಇಂಥವನ ಹೆಂಡತಿ’ ಎಂದು ಗುರುತಿಸಿ ಮತ ಕೊಟ್ಟಿತ್ತು. ಸಂವಿಧಾನದ 326ನೆಯ ವಿಧಿಯು ಆ ಗುರುತನ್ನು ಕಿತ್ತುಹಾಕಿ, ಗಂಡು ಹೆಣ್ಣೆಂಬ ಭೇದವಿಲ್ಲದೆ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಸ್ವಿಟ್ಜರ್ಲೆಂಡಿನಂತಹ ಹಳೆಯ ಪ್ರಜಾರಾಜ್ಯದ ಹೆಂಗಸರು ರಾಷ್ಟ್ರೀಯ ಮತಕ್ಕಾಗಿ 1971ರವರೆಗೆ ಕಾಯಬೇಕಾಯಿತು.

ಆದರೆ ಕಾನೂನು ಬದಲಾದಷ್ಟು ಬೇಗ ಮನೆಯ ಮಾತು ಬದಲಾಗಲಿಲ್ಲ. 1951–52ರ ಮೊದಲ ಚುನಾವಣೆಗೆ ಪಟ್ಟಿ ಬರೆಯಲು ಸಿಬ್ಬಂದಿಯವರು ಮನೆಮನೆಗೆ ಹೋದಾಗ, ಪರಪುರುಷನಿಗೆ ಹೆಸರು ಹೇಳಬಾರದೆಂಬ ಸಂಪ್ರದಾಯದಿಂದ ಅನೇಕರು ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು, ಸ್ವಂತ ಹೆಸರಿಲ್ಲದ ನಮೂದು ಸಲ್ಲದೆಂದರು. ಹೆಸರು ಕೊಡಲು ಅವಕಾಶವೂ ಇತ್ತು. ಬಿಹಾರದಲ್ಲಿ ಅವಧಿಯನ್ನು ಒಂದು ತಿಂಗಳು ಬೆಳೆಸಿದರು. ಅಷ್ಟಾದರೂ ಸುಮಾರು 8 ಕೋಟಿ ಮಹಿಳಾ ಮತದಾರರ ಪೈಕಿ ಸುಮಾರು 28 ಲಕ್ಷ ಮಂದಿಯ ನಮೂದುಗಳು ರದ್ದಾದವು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳವರು.

ಸೇನರು ಮಾಡಿದ್ದು ಸರಿಯೇ? ಹಳ್ಳಿಯ ಮುಗ್ಧ ಹೆಂಗಸಿಗೆ ಇದು ಕಠಿಣ ಶಿಕ್ಷೆಯೆಂದು ಅನ್ನಿಸುವುದು ಸಹಜ. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಆದರೆ ಅವರು ಆ ಹೆಸರಿಲ್ಲದ ನಮೂದುಗಳನ್ನು ಒಪ್ಪಿದ್ದರೆ, ಮತವು ಗಂಡನ ಆಸ್ತಿಯ ಒಂದು ಬಾಲವಾಗಿಯೇ ಉಳಿಯುತ್ತಿತ್ತು. 1962ರಲ್ಲಿ ಗಂಡಸರ ಪೈಕಿ ಶೇಕಡ 63 ಮಂದಿ ಮತ ಹಾಕಿದರೆ, ಹೆಂಗಸರ ಪೈಕಿ ಹಾಕಿದವರು ಶೇಕಡ 47ಕ್ಕೂ ಕಡಿಮೆ. 2019ರ ಲೋಕಸಭಾ ಚುನಾವಣೆಯಲ್ಲಿ ಇಬ್ಬರ ಪ್ರಮಾಣವೂ ಶೇಕಡ 67ರ ಸುಮಾರಿನಲ್ಲಿದ್ದು, ಹೆಂಗಸರೇ ಕೂದಲೆಳೆಯಷ್ಟು ಮುಂದಿದ್ದರು.

ನಮ್ಮ ಕಡೆಯಲ್ಲಿಯೂ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹಿರಿಯ ಹೆಂಗಸರು ಇದ್ದಾರೆ. ಅದು ಗೌರವವೆಂದು ಅವರು ತಿಳಿಯುತ್ತಾರೆ, ಅದರಲ್ಲಿ ನಾವು ತಪ್ಪು ಹುಡುಕುವುದಿಲ್ಲ. ತನ್ನದೇ ಹೆಸರು ಮನೆಯಲ್ಲಿ ಯಾರ ಬಾಯಲ್ಲಿಯೂ ಬಾರದೆ ಹೋಗುವುದು ಬೇರೆಯ ಮಾತು.

ಮರುದಿನ ಮಕ್ಕಳು ಹೆಸರುಗಳನ್ನು ಕೇಳಿ ಬರೆದು ತಂದರು. ಒಬ್ಬ ಹುಡುಗಿಯ ಹಾಳೆಯಲ್ಲಿ ಎರಡು ಹೆಸರುಗಳಿದ್ದವು: ಒಂದು ತವರಿನವರು ಇಟ್ಟದ್ದು, ಇನ್ನೊಂದು ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು. ಮತದಾರರ ಪಟ್ಟಿಯಲ್ಲಿ ಯಾವುದಿದೆಯೆಂದು ಕೇಳಿದೆವು. ಆಕೆ ಮನೆಯಲ್ಲಿ ಗುರುತಿನ ಚೀಟಿಯನ್ನು ತೆಗೆಸಿ ನೋಡಿ ಬಂದಿದ್ದಳು. ಎರಡನೆಯ ಹೆಸರೇ ಇತ್ತು, ಅದೂ ಒಂದಕ್ಷರ ತಪ್ಪಾಗಿ. ಬರೆಸಿದವನು ಮಗ. “ನನ್ನನ್ನು ಯಾರೂ ಕೇಳಲಿಲ್ಲವಲ್ಲ, ಮಗಾ” ಎಂದಿತಂತೆ ಅಜ್ಜಿ.