ಜೀವಕೋಶದೊಳಗಿನ ಕದಿರು

ಜೀವಕೋಶವೆಂದರೆ ಬರಿಯ ಲೋಳೆಯ ಚೀಲವಲ್ಲ. ಅದರೊಳಗೆ ಪ್ರೋಟೀನು ಎಳೆಗಳ ಹಂದರವಿದೆ. ಅವುಗಳಲ್ಲೊಂದು ಬಗೆ ಸೂಕ್ಷ್ಮನಾಳ. ಟ್ಯೂಬುಲಿನ್ ಎಂಬ ಪ್ರೋಟೀನಿನ ಕಣಗಳು ಕೂಡಿದರೆ ನಾಳ ಬೆಳೆಯುತ್ತದೆ, ಕಳಚಿದರೆ ಕುಗ್ಗುತ್ತದೆ. ಕೋಶವು ಎರಡಾಗುವಾಗ ಈ ನಾಳಗಳು ಕದಿರಿನ ಆಕಾರದಲ್ಲಿ ನಿಂತು ವರ್ಣತಂತುಗಳನ್ನು ಎರಡು ಪಾಲು ಮಾಡುತ್ತವೆ. ನೂಲುವ ಕದಿರಿನ ಹೆಸರನ್ನೇ ವಿಜ್ಞಾನಿಗಳು ಇದಕ್ಕೆ ಇಟ್ಟಿದ್ದಾರೆ.

ನಮ್ಮ ನಾಡಿನ ಬೇಲಿಗಳಲ್ಲಿ ಬೆಂಕಿಬಣ್ಣದ ಹೂ ಬಿಡುವ ಅಗ್ನಿಶಿಖೆ ಬಳ್ಳಿಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಟ್ಯೂಬುಲಿನ್ನಿಗೆ ಅಂಟಿಕೊಂಡು ನಾಳ ಕಟ್ಟಗೊಡುವುದಿಲ್ಲ, ಕದಿರು ನಿಲ್ಲುತ್ತದೆ. ಬೇಗಬೇಗ ಎರಡಾಗುವ ಕರುಳಿನ, ಮೂಳೆಮಜ್ಜೆಯ ಕೋಶಗಳಿಗೆ ಇದರ ಪೆಟ್ಟು ಹೆಚ್ಚು. ಅದೇ ಕಾಲ್ಚಿಸಿನ್ನನ್ನು ವೈದ್ಯರು ಅತ್ಯಲ್ಪ ಅಳತೆಯಲ್ಲಿ ಗೌಟ್ ಎಂಬ ಕೀಲುಬೇನೆಗೆ ಕೊಡುತ್ತಾರೆ. ಆ ಅಳತೆ ಗೆಡ್ಡೆಯಲ್ಲಿ ಬರೆದಿರುವುದಿಲ್ಲ. ಆದುದರಿಂದ ಊರಿನಿಂದ ಗೆಡ್ಡೆ ತರಿಸಿ ನಾವೇ ಮದ್ದು ಮಾಡಿಕೊಳ್ಳುವುದು ಬೇಡ.