ಜನಸಂಖ್ಯೆ ಮತ್ತು ದುಡಿಮೆ: ಸನ್ನತಿ ಸೀಮೆಯಿಂದ ಒಂದು ಪಾಠ



ಕೊಯ್ಲು ಹತ್ತಿರವಾಯಿತೆಂದರೆ ನಮ್ಮ ಸಂಘದ ಜಗಲಿಯಲ್ಲಿ ಎರಡು ಮಾತು ಒಟ್ಟಿಗೇ ಕೇಳಿಬರುತ್ತವೆ. ದೇಶದಲ್ಲಿ ಜನ ಹೆಚ್ಚಾದ್ದರಿಂದಲೇ ಬಡತನ ಎಂಬುದು ಒಂದು. ತೋಟಕ್ಕೆ ಆಳು ಸಿಗುವುದಿಲ್ಲ ಎಂಬುದು ಇನ್ನೊಂದು. ಎರಡೂ ಒಂದೇ ಬಾಯಿಂದ ಬರುತ್ತವೆಂಬುದನ್ನು ನಾವು ಗಮನಿಸಿದ್ದು ಕಡಿಮೆ.

ಜನಗಣತಿಯ ಅಂಕಿಗಳನ್ನು ನೋಡೋಣ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆ ಶೇಕಡಾ 15.6ರಷ್ಟು ಬೆಳೆಯಿತು. ಕಲಬುರಗಿ ಜಿಲ್ಲೆ ಶೇಕಡಾ 18ರಷ್ಟು ಬೆಳೆದರೆ ಕೊಡಗು ಬೆಳೆದದ್ದು ಶೇಕಡಾ 1ರ ಆಸುಪಾಸು. ಚಿಕ್ಕಮಗಳೂರು 11,40,905ರಿಂದ 11,37,961ಕ್ಕೆ ಇಳಿದೇಹೋಯಿತು. ಅದೇ 2011ರಲ್ಲಿ ಕೊಡಗಿನಲ್ಲಿ ನೂರಕ್ಕೆ 83 ಜನ ಅಕ್ಷರಸ್ಥರು, ಕಲಬುರಗಿಯಲ್ಲಿ 65. ಜನ ಕಡಿಮೆಯಾದ್ದರಿಂದ ಅನುಕೂಲ ಬಂತೋ, ಅನುಕೂಲ ಬಂದದ್ದರಿಂದ ಜನ ಕಡಿಮೆಯಾದರೋ? ಇದನ್ನು ತಿಳಿಯಲು ಕಲಬುರಗಿಯ ಕಡೆಗೇ ಹೋಗಬೇಕು.

ಚಿತ್ತಾಪುರ ಸೀಮೆಯಲ್ಲಿ, ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಗೆ ಈಗ ಭಕ್ತರು ಚಂದ್ರಲಾಂಬೆಯ ದರ್ಶನಕ್ಕೆಂದು ಬರುತ್ತಾರೆ. ಎರಡು ಸಾವಿರ ವರ್ಷಗಳ ಕೆಳಗೆ ಅದು ಕೋಟೆಯುಳ್ಳ ಪಟ್ಟಣ. ಪಕ್ಕದ ಕನಗನಹಳ್ಳಿಯ ಉತ್ಖನನದಲ್ಲಿ ದೊಡ್ಡ ಸ್ತೂಪವೂ, ಹೆಸರು ಕೆತ್ತಿದ ಅಶೋಕನ ಶಿಲ್ಪವೂ ದೊರೆತವು. ನದಿ ಅಲ್ಲೇ ಇದೆ, ಪಟ್ಟಣ ಉಳಿಯಲಿಲ್ಲ. ಜನಸಂಖ್ಯೆಯೆಂಬುದು ಒಂದೇ ದಿಕ್ಕಿಗೆ ಬೆಳೆಯುವ ಗಿಡವಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಈ ಸೀಮೆ ನೆಲದ ಸಂಪತ್ತಿಗೆ ಬಡವಲ್ಲ. ಶಹಾಬಾದಿನ ಹಾಸುಗಲ್ಲು ಎಲ್ಲೆಲ್ಲೋ ಮನೆಗಳ ನೆಲಕ್ಕೆ ಹೋಗಿದೆ. ವಾಡಿ, ಸೇಡಂಗಳಲ್ಲಿ ಸಿಮೆಂಟು ತಯಾರಾಗುತ್ತದೆ. ಆದರೆ ಸಿಮೆಂಟು ಯಂತ್ರಪ್ರಧಾನ ಉದ್ಯಮ. ಹೂಡಿದ ಹಣಕ್ಕೆ ಹೋಲಿಸಿದರೆ ಅದು ಕೆಲಸ ಕೊಡುವುದು ಕಡಿಮೆ. ಮಿಕ್ಕವರಿಗೆ ಮಳೆಯನ್ನೇ ನಂಬಿದ ತೊಗರಿ. ಅದರ ರಾಶಿ ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಒಣ ಹೊಲದಲ್ಲಿ ಹೇಳಿಕೊಳ್ಳುವಂಥ ದುಡಿಮೆಯಿಲ್ಲ. 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯು ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು.

ಬ್ಯಾಂಕಿನಲ್ಲಿ ಗಂಟಿಲ್ಲದ, ಹತ್ತಿರದಲ್ಲಿ ಒಳ್ಳೆಯ ಆಸ್ಪತ್ರೆಯಿಲ್ಲದ ಮನೆಯಲ್ಲಿ ಮುಪ್ಪಿಗೆ ಆಸರೆ ಮಕ್ಕಳೇ. ಹುಡುಗಿಯ ಓದು ಬೇಗ ನಿಲ್ಲುತ್ತದೆ, ಮದುವೆ ಬೇಗ ಆಗುತ್ತದೆ, ಹೆರಿಗೆಗಳು ಹೆಚ್ಚುತ್ತವೆ. ಆರು ಎಕರೆಯ ಹೊಲ ನಾಲ್ವರಿಗೆ ಹಂಚಿಕೆಯಾದರೆ ತಲೆಗೆ ಒಂದೂವರೆ ಎಕರೆ. ಅದರಲ್ಲಿ ಹೊಟ್ಟೆ ತುಂಬದೆ ಗುಳೆ ಹೊರಡಬೇಕು, ಮಗುವಿನ ಶಾಲೆ ತಪ್ಪುತ್ತದೆ. ಆ ಮಗು ದೊಡ್ಡದಾದಾಗ ಮತ್ತೆ ಅದೇ ಸುತ್ತು. ಬಡತನ ಜನರನ್ನು ಹೆಚ್ಚಿಸಿತು, ಹೆಚ್ಚಿದ ಜನ ಬಡತನವನ್ನು ಉಳಿಸಿದರು. ಎರಡೂ ನಿಜ.

ಈ ಸುತ್ತು ಮುರಿದದ್ದನ್ನು ನಾವು ನಮ್ಮ ಮನೆಗಳಲ್ಲೇ ಕಂಡಿದ್ದೇವೆ. ಅಜ್ಜಿಗೆ ಎಂಟು ಹೆರಿಗೆ, ಸೊಸೆಗೆ ಎರಡು. ಹುಟ್ಟಿದ ಮಕ್ಕಳು ಉಳಿಯತೊಡಗಿದ್ದು, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದದ್ದು ಇದಕ್ಕೆ ಕಾರಣ. ಭಾಷಣಗಳಿಂದ ಆದದ್ದು ಅಷ್ಟಕ್ಕಷ್ಟೆ. ರಾಜ್ಯದಲ್ಲಿ ತಾಯಿಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ ಮೂರಕ್ಕೆ ತುಸು ಕಡಿಮೆಯಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿತ್ತು.

ಆದಕಾರಣ ಬಯಲುಸೀಮೆಯಿಂದ ಆಳು ಎಂದೆಂದಿಗೂ ಬರುತ್ತಾರೆಂಬ ಭರವಸೆ ಬೇಡ. ಈಗಲೇ ಕಲಬುರಗಿಯ ಕಡೆಯವರನ್ನು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳ ಕಟ್ಟಡ ಕೆಲಸ ಸೆಳೆಯುತ್ತಿದೆ. ಕೊನೆಗಾರ ಸಿಗದೆ ನಮ್ಮಲ್ಲಿ ಕೆಲವರು ಉದ್ದನೆಯ ದೋಟಿ ಕೊಂಡದ್ದೂ, ಕಳೆ ಕೊಚ್ಚಲು ಯಂತ್ರ ತಂದದ್ದೂ ಇದೇ ಲೆಕ್ಕದ ಇನ್ನೊಂದು ಮುಖ. ಕೈ ಕಡಿಮೆಯಾದಲ್ಲಿ ಯಂತ್ರ ಬರುತ್ತದೆ. ಕಾಫಿ ಹಣ್ಣು ಕೊಯ್ಯಲು ಮಾತ್ರ ನಮ್ಮ ಇಳಿಜಾರಿನಲ್ಲಿ ಇನ್ನೂ ಕೈಯೇ ಬೇಕು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಲೈನು ಮನೆಗೆ ಬಂದವರ ಮಕ್ಕಳು ತಾಯಿಯ ಪಕ್ಕದಲ್ಲಿ ಹಣ್ಣು ಆಯುತ್ತಿದ್ದರೆ ನಾವು ನೋಡಿಯೂ ನೋಡದಂತಿದ್ದೇವೆ. ಮೂರು ತಿಂಗಳಿಗೆ ಯಾವ ಶಾಲೆ ಸೇರಿಸಿಕೊಳ್ಳುತ್ತದೆ ಎಂಬುದು ನಮ್ಮ ನೆಪ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಈ ಸಲ ಮುಂಗಡ ಕೊಡುವಾಗ ಮಕ್ಕಳೆಷ್ಟು, ಯಾವ ತರಗತಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕೊಯ್ಲು ಆರಂಭವಾದ ಮೊದಲ ವಾರದಲ್ಲೇ ಆ ಪಟ್ಟಿಯನ್ನು ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ತಲುಪಿಸಿ.